ಒಲೆ ಕಿಟಕಿ ಕೆಳಗೆ ಬರುತ್ತಿದೆ, ಫ್ರಿಡ್ಜ್ ಜಾಗ ಸಾಲುತ್ತಿಲ್ಲ: ಅಡುಗೆಮನೆ ಪ್ಲಾನ್ ನೋಡಿ ಹೇಳ್ತೀರಾ?

ದಾವಣಗೆರೆ_ಹೊಸಮನೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಎದ್ದು ಮೋಲ್ಡ್ ಆಗಿದೆ. ಮುಂದಿನ ವಾರ ಒಳಗಿನ ಪ್ಲಾಸ್ಟರಿಂಗ್ ಶುರು. ಅಡುಗೆಮನೆ ವಿಷಯದಲ್ಲಿ ಮೇಸ್ತ್ರಿ ಒಂದು ಹೇಳುತ್ತಾರೆ, ಕಾರ್ಪೆಂಟರ್ ಇನ್ನೊಂದು ಹೇಳುತ್ತಾರೆ.

ಅಡುಗೆಮನೆ ಆಗ್ನೇಯ ಮೂಲೆಯಲ್ಲಿದೆ. ಪೂರ್ವ-ಪಶ್ಚಿಮ 9 ಅಡಿ, ಉತ್ತರ-ದಕ್ಷಿಣ ಹತ್ತೂವರೆ ಅಡಿ. ಪೂರ್ವದ ಗೋಡೆಯ ನಡುಮಧ್ಯೆ 4 ಅಡಿ ಅಗಲದ ಕಿಟಕಿ. ದಕ್ಷಿಣದ ಗೋಡೆಯಲ್ಲಿ ಪಶ್ಚಿಮದ ಕೊನೆಗೆ ಯುಟಿಲಿಟಿ ಬಾಗಿಲು. ಹಾಲ್‌ನಿಂದ ಒಳಗೆ ಬರುವುದು ಪಶ್ಚಿಮದಿಂದ. ಕಟ್ಟೆಯನ್ನು ಎಲ್ ಆಕಾರದಲ್ಲಿ, ಪೂರ್ವದ ಗೋಡೆಗೆ ಪೂರ್ತಿ, ಆಮೇಲೆ ದಕ್ಷಿಣಕ್ಕೆ ತಿರುಗಿಸಿ ಯುಟಿಲಿಟಿ ಬಾಗಿಲವರೆಗೆ ಹಾಕುವುದು ಅಂತ ಪ್ಲಾನ್.

ಪೂರ್ವಕ್ಕೆ ಮುಖ ಮಾಡಿ ಅಡುಗೆ ಮಾಡಬೇಕು ಅಂತ ಅತ್ತೆ-ಮಾವ ಹೇಳಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಲೆ ಇಡಲು ಹೋದರೆ ಒಂದೋ ಮೂಲೆಗೆ ಸಿಕ್ಕಿಕೊಳ್ಳುತ್ತದೆ, ಇಲ್ಲಾ ಕಿಟಕಿ ಕೆಳಗೆ ಬರುತ್ತದೆ. ಕಿಟಕಿ ಕೆಳಗೆ ಬಂದರೆ ಚಿಮಣಿ ಎಲ್ಲಿ ಹಾಕುವುದು? ಕಿಟಕಿ ಇದೆಯಲ್ಲ, ಚಿಮಣಿ ಯಾಕೆ ಅನ್ನುತ್ತಾರೆ ಮೇಸ್ತ್ರಿ. ದಿನಾ ಒಗ್ಗರಣೆ ಹಾಕುವ ಮನೆ ನಮ್ಮದು. ನನಗೆ ಚಿಮಣಿ ಬೇಕು.

ಫ್ರಿಡ್ಜ್‌ಗೆ ಉತ್ತರದ ಗೋಡೆಯ ಪಶ್ಚಿಮದ ತುದಿಯಲ್ಲಿ ನಾಲ್ಕೂವರೆ ಇಂಚಿನ ಗೋಡೆ ಕಟ್ಟಿ 28 ಇಂಚು ಜಾಗ ಬಿಟ್ಟಿದ್ದಾರೆ. ಡಬಲ್ ಡೋರ್ ತಗೊಳ್ಳೋಣ ಅಂತ ಯೋಚನೆ. ಸಾಕಾಗುತ್ತಾ?

ಕಟ್ಟೆ ಎತ್ತರ 30 ಇಂಚು ಸಾಕು ಅಂತ ಮೇಸ್ತ್ರಿ, 33 ಬೇಕು ಅಂತ ಕಾರ್ಪೆಂಟರ್. ನಾನು 5 ಅಡಿ 4 ಇಂಚು ಇದ್ದೇನೆ, ಅತ್ತೆ 5 ಅಡಿ. ಇಬ್ಬರೂ ಅಡುಗೆ ಮಾಡುತ್ತೇವೆ. ಕೊನೆಯದು: ಕಾಂಕ್ರೀಟ್ ಸ್ಲ್ಯಾಬ್ ಹಾಕಿಸಬೇಕಾ, ಅಥವಾ ಪೂರ್ತಿ ಮಾಡ್ಯುಲರ್ ಬಾಕ್ಸ್ ಮೇಲೆ ಗ್ರಾನೈಟ್ ಕೂರಿಸಬೇಕಾ?

ಬಾಡಿಗೆಮನೆ_ಹುಬ್ಬಳ್ಳಿ

ನಾವಿರುವ ಮನೆಯಲ್ಲಿ ಒಲೆ ಕಿಟಕಿ ಕೆಳಗೇ ಇದೆ. ಪಶ್ಚಿಮದ ಕಿಟಕಿ. ಆಷಾಢದ ಗಾಳಿ ಬೀಸಿದರೆ ಸಣ್ಣ ಉರಿ ನಿಲ್ಲುವುದೇ ಇಲ್ಲ. ಹಾಲಿಗೆ ಇಟ್ಟು ಆಚೆ ಬಂದರೆ ಉರಿ ಆರಿ ಗ್ಯಾಸ್ ಹಾಗೇ ಬರುತ್ತಿರುತ್ತದೆ. ಅದಕ್ಕೆ ಕಿಟಕಿ ಮುಚ್ಚಿಯೇ ಅಡುಗೆ. ಸರಳುಗಳಿಗೆ ಜಿಡ್ಡು ಹತ್ತಿದ್ದು ಸೋಪಿಗೂ ಹೋಗುವುದಿಲ್ಲ. ಸ್ವಂತ ಮನೆ, ಇನ್ನೂ ಪ್ಲಾಸ್ಟರಿಂಗ್ ಆಗಿಲ್ಲ ಅಂದರೆ ಈಗಲೇ ಬದಲಾಯಿಸಿ ಮೇಡಂ.

ಶಿವಮೊಗ್ಗ_ಕಿಚನ್_ಫಿಟ್ಟಿಂಗ್

ಮೇಡಂ, ನಾನು ಅಡುಗೆಮನೆ ಫಿಟ್ಟಿಂಗ್ ಕೆಲಸದವನು. ನೀವು ಸರಿಯಾದ ಹೊತ್ತಿಗೆ ಕೇಳಿದ್ದೀರಿ. ಸಾಮಾನ್ಯವಾಗಿ ಟೈಲ್ಸ್ ಹಾಕಿ ಮುಗಿದ ಮೇಲೆ ನಮ್ಮನ್ನು ಕರೆಯುತ್ತಾರೆ. ಅಷ್ಟೊತ್ತಿಗೆ ನೀರು, ಗ್ಯಾಸ್, ಹೊಗೆ ಎಲ್ಲದರ ದಾರಿಯೂ ಗೋಡೆಯೊಳಗೆ ಮುಚ್ಚಿಹೋಗಿರುತ್ತದೆ. ಬಾಕ್ಸ್, ಬಣ್ಣ, ಹ್ಯಾಂಡಲ್ ಎಲ್ಲಾ ಆಮೇಲೆ ನೋಡಿದರೂ ನಡೆಯುತ್ತದೆ. ಈ ಮೂರರ ದಾರಿ ಮಾತ್ರ ಪ್ಲಾಸ್ಟರಿಂಗ್‌ಗೆ ಮುಂಚೆ ತೀರ್ಮಾನ ಆಗಲೇಬೇಕು.

ಒಲೆ ಯಾಕೆ ಸಿಕ್ಕಿಕೊಳ್ಳುತ್ತಿದೆ ಅಂದರೆ, ಕಟ್ಟೆಯನ್ನು ದಕ್ಷಿಣಕ್ಕೆ ತಿರುಗಿಸಿದ್ದೀರಿ. ಪೂರ್ವದ ಗೋಡೆ 126 ಇಂಚು, ಕಿಟಕಿ 48. ಎರಡೂ ಪಕ್ಕ 39 ಇಂಚು ಬರಿ ಗೋಡೆ ಉಳಿಯುತ್ತದೆ. ದಕ್ಷಿಣದ 39ರಲ್ಲಿ 24 ಇಂಚನ್ನು ತಿರುಗಿದ ಕಟ್ಟೆಯೇ ನುಂಗುತ್ತದೆ. ಉಳಿದ 15 ಇಂಚಿನಲ್ಲಿ ಮೂರು ಬರ್ನರ್ ಒಲೆ ಎಲ್ಲಿ ಕೂರಬೇಕು?

ಎಲ್ ಅನ್ನು ಉತ್ತರಕ್ಕೆ ತಿರುಗಿಸಿ. ಪೂರ್ವದ ಗೋಡೆಗೆ ಪೂರ್ತಿ ಕಟ್ಟೆ, ಅಲ್ಲಿಂದ ಉತ್ತರದ ಗೋಡೆಗೆ, ಕೊನೆಗೆ ಫ್ರಿಡ್ಜ್. ದಕ್ಷಿಣದ ಗೋಡೆಗೆ ಕಟ್ಟೆಯೇ ಬೇಡ. ಆಗ ದಕ್ಷಿಣದ ತುದಿಯ 39 ಇಂಚೂ ಒಲೆಗೆ ಸಿಗುತ್ತದೆ. ಪ್ಲಾಸ್ಟರಿಂಗ್, ಟೈಲ್ಸ್ ಕಳೆದು 37 ಅಂತ ಹಿಡಿಯಿರಿ. ಪಕ್ಕದ ಗೋಡೆಯಿಂದ 7 ಇಂಚು ಬಿಡಿ, ಬಾಣಲೆ ಹಿಡಿ ಬಡಿಯಬಾರದು, ಮೊಣಕೈ ಆಡಬೇಕು. ಅಲ್ಲಿಂದ 28 ಇಂಚು ಒಲೆ. ಪೂರ್ವಕ್ಕೇ ಮುಖ, ತಲೆ ಮೇಲೆ ಗಟ್ಟಿ ಗೋಡೆ, ಕಿಟಕಿ ಪಕ್ಕಕ್ಕೆ. 60 ಸೆಂಟಿಮೀಟರ್ ಚಿಮಣಿ ಆರಾಮಾಗಿ ಕೂರುತ್ತದೆ, 75ರದ್ದೂ ಹಿಡಿಯುತ್ತದೆ. 90ರದ್ದು ಕಿಟಕಿಗೆ ಬಂದುಬಿಡುತ್ತದೆ, ಅದರ ಆಸೆ ಬಿಡಿ.

ಸಿಂಕ್ ಅನ್ನು ಕಿಟಕಿಯ ಉತ್ತರದ ಅರ್ಧಕ್ಕೆ ಹಾಕಿ. ಒಲೆಗೂ ಸಿಂಕಿಗೂ ನಡುವೆ ಎರಡು ಅಡಿಗಿಂತ ಜಾಸ್ತಿ ಕಟ್ಟೆ ಉಳಿಯುತ್ತದೆ. ತರಕಾರಿ ಹೆಚ್ಚುವುದು, ಹಿಟ್ಟು ಕಲಸುವುದು ಎಲ್ಲಾ ಅಲ್ಲೇ, ಕಿಟಕಿ ಬೆಳಕಿನಲ್ಲೇ. ನೀರು ಈಶಾನ್ಯದ ಕಡೆ, ಬೆಂಕಿ ಆಗ್ನೇಯದಲ್ಲಿ, ಹಾಗಾಗಿ ಹಿರಿಯರೂ ಒಪ್ಪುತ್ತಾರೆ. ಪೂರ್ವದ್ದು ಹೊರಗೋಡೆ ಆದ್ದರಿಂದ ಸಿಂಕಿನ ಪೈಪು ನೇರ ಹೊರಗಿನ ಚೇಂಬರ್‌ಗೆ ಹೋಗುತ್ತದೆ. ನೆಲದೊಳಗೆ ಉದ್ದಕ್ಕೆ ಪೈಪ್ ಎಳೆದು ಆಮೇಲೆ ಕಟ್ಟಿಕೊಂಡರೆ ಹೊಸ ಟೈಲ್ಸ್ ಒಡೆಯಬೇಕಾಗುತ್ತದೆ.

ಸಿಂಕ್ ಕಿಟಕಿ ಕೆಳಗೆ ಬಂದಾಗ ನಲ್ಲಿ ಗೋಡೆಯಿಂದ ಬರುವುದು ಬೇಡ. ಕಿಟಕಿ ತಳ ಸಾಮಾನ್ಯವಾಗಿ 42 ಇಂಚಿಗೆ ಇರುತ್ತದೆ, ಕಟ್ಟೆ 33 ಅಂದರೆ ನಡುವೆ 9 ಇಂಚು. ನಲ್ಲಿ ಅಲ್ಲಿ ಕೂತರೆ ಕೊಡ, ಕುಕ್ಕರ್ ಕೆಳಗೆ ಹಿಡಿಯಲು ಆಗುವುದಿಲ್ಲ. ಕಟ್ಟೆ ಮೇಲೆ ನಿಲ್ಲುವ, ಉದ್ದ ಕೊಕ್ಕಿನ ನಲ್ಲಿ ತಗೊಳ್ಳಿ. ಅದಕ್ಕೆ ಸಿಂಕಿನ ಹಿಂದೆ ಮೂರೂವರೆ ಇಂಚಾದರೂ ಕಲ್ಲು ಬೇಕು. 18 ಇಂಚಿನ ಸಿಂಕಿಗೆ 24 ಇಂಚಿನ ಕಟ್ಟೆ ಬಿಗಿಯಾಗುತ್ತದೆ. ಗ್ರಾನೈಟ್ 25 ಇಂಚು ಬರಲಿ. ಕಲ್ಲು ಷಟರಿಗಿಂತ, ಅಂದರೆ ಕಟ್ಟೆ ಕೆಳಗಿನ ಖಾನೆಯ ಬಾಗಿಲಿಗಿಂತ, ಒಂದು ಇಂಚು ಮುಂದೆ ಚಾಚಿರಲಿ, ಆ ಚಾಚಿದ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಕೊರೆಸಿ. ಚೆಲ್ಲಿದ ನೀರು ಆ ಗೀರಿಗೆ ಬಂದು ಅಲ್ಲೇ ತೊಟ್ಟಿಕ್ಕುತ್ತದೆ, ಷಟರಿನ ತಲೆಗೆ ಹರಿಯುವುದಿಲ್ಲ. ಪ್ಲೈವುಡ್ ಮೊದಲು ಉಬ್ಬುವುದೇ ಅಲ್ಲಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಈ ಗೀರು ಇಲ್ಲದ ಮನೆಗಳ ಷಟರ್ ನೋಡಲಾಗುವುದಿಲ್ಲ.

ಈಗ ಎತ್ತರ. ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದರಲ್ಲಿ 5-6 ಇಂಚು ಕಳೆದರೆ ನಿಮ್ಮ ಕಟ್ಟೆ. ನಿಮ್ಮ ಎತ್ತರಕ್ಕೆ 34ರ ಹತ್ತಿರ ಬರುತ್ತದೆ, ನಿಮ್ಮ ಅತ್ತೆಯವರಿಗೆ 32. ಹಾಗಾಗಿ 33 ಸರಿ. 30 ಇಬ್ಬರಿಗೂ ತಗ್ಗು.

ಆದರೆ 33 ಎಲ್ಲಿಂದ? ಇದನ್ನು ದಯವಿಟ್ಟು ಮೇಸ್ತ್ರಿ ಹತ್ತಿರ ನಿಂತು ಕೇಳಿ. ಈಗ ಇರುವುದು ಬರಿ ಕಾಂಕ್ರೀಟ್ ನೆಲ. ಇದರ ಮೇಲೆ ಗಾರೆ, ಟೈಲ್ಸ್ ಸೇರಿ ಎರಡರಿಂದ ಮೂರು ಇಂಚು ಏರುತ್ತದೆ. ಅವರು ಈಗಿನ ನೆಲದಿಂದ 33 ಅಳೆದು ಸ್ಲ್ಯಾಬ್ ಹಾಕಿದರೆ ಟೈಲ್ಸ್ ಆದ ಮೇಲೆ ನಿಮಗೆ ಉಳಿಯುವುದು 30 ಚಿಲ್ಲರೆ. ನೀರು ತುಂಬಿದ ಲೆವೆಲ್ ಪೈಪ್ ಅವರ ಹತ್ತಿರ ಇದ್ದೇ ಇರುತ್ತದೆ. ಅದರಿಂದ, ಟೈಲ್ಸ್ ಹಾಕಿದ ಮೇಲೆ ಬರುವ ನೆಲದಿಂದ ಮೂರು ಅಡಿಗೆ, ನಾಲ್ಕೂ ಗೋಡೆ ಸುತ್ತ ಒಂದು ಗೆರೆ ಹೊಡೆಸಿ. ಕಟ್ಟೆ, ಪ್ಲಗ್, ನಲ್ಲಿ, ಚಿಮಣಿ ತೂತು, ಎಲ್ಲದರ ಅಳತೆಯೂ ಆ ಗೆರೆಯಿಂದಲೇ ಆಗಲಿ. ಎಲೆಕ್ಟ್ರಿಷಿಯನ್‌ಗೂ ಪ್ಲಂಬರ್‌ಗೂ ಅದೇ ಗೆರೆ ತೋರಿಸಿ.

ಫ್ರಿಡ್ಜ್ ಜಾಗದ್ದೂ ಇದೇ ಕತೆ. 28 ಇಂಚು ಅಂದರೆ ಇಟ್ಟಿಗೆಯಿಂದ ಇಟ್ಟಿಗೆಗೆ. ಪ್ಲಾಸ್ಟರಿಂಗ್ ಅರ್ಧ ಇಂಚು, ಟೈಲ್ಸ್ ಮತ್ತು ಅದರ ಗಾರೆ ಮುಕ್ಕಾಲು ಇಂಚು. ಒಂದು ಪಕ್ಕಕ್ಕೆ ಒಂದೂಕಾಲು, ಎರಡೂ ಪಕ್ಕ ಸೇರಿ ಎರಡೂವರೆ. ಉಳಿದದ್ದು ಇಪ್ಪತ್ತೈದೂವರೆ. 24 ಇಂಚಿನ ಫ್ರಿಡ್ಜ್ ಒಳಗೆ ಹೋಗುತ್ತದೆ, ನಿಜ. ಆದರೆ ಎರಡೂ ಪಕ್ಕ ಮುಕ್ಕಾಲು ಇಂಚು ಬಿಟ್ಟು ಗಾಳಿ ಆಡುವ ಜಾಗ ಇರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬಾಗಿಲಿನದು. ಫ್ರಿಡ್ಜ್ ಬಾಗಿಲು ನೇರ ಕೋನಕ್ಕೆ ತೆರೆದರೆ ಸಾಲದು, ಇನ್ನೂ ಸ್ವಲ್ಪ ಆಚೆ ಹೋದರೇನೇ ಒಳಗಿನ ತರಕಾರಿ ಟ್ರೇ ಹೊರಗೆ ಬರುವುದು. ಪಕ್ಕದಲ್ಲಿ ಗೋಡೆ ಇದ್ದರೆ ಟ್ರೇ ಬಾಗಿಲಿಗೆ ತಾಗಿ ನಿಲ್ಲುತ್ತದೆ. ಡಬಲ್ ಡೋರ್ ಕೆಲವು 27-28 ಇಂಚೇ ಇರುತ್ತವೆ. ಆ ನಾಲ್ಕೂವರೆ ಇಂಚಿನ ಗೋಡೆಯನ್ನು ತೆಗೆಸಿಬಿಡಿ. ಅದು ಯಾವ ಭಾರವನ್ನೂ ಹೊರುತ್ತಿಲ್ಲ. ಅದರ ಬದಲು ಒಂದು ಪ್ಲೈವುಡ್ ಪ್ಯಾನಲ್ ನಿಲ್ಲಿಸಿದರೆ ಮುಕ್ಕಾಲು ಇಂಚಷ್ಟೇ ಹೋಗುತ್ತದೆ. ಎಲ್ಲಾ ಆದ ಮೇಲೆ 32 ಇಂಚು ಉಳಿಯುವ ಹಾಗೆ ನೋಡಿಕೊಳ್ಳಿ. ಇವತ್ತು ಚಿಕ್ಕ ಫ್ರಿಡ್ಜ್ ತಂದರೂ ನಾಳೆ ದೊಡ್ಡದು ಬರುತ್ತದೆ.

ಸ್ಲ್ಯಾಬ್ ವಿಷಯ. ಇಟ್ಟಿಗೆ ಕಂಬದ ಮೇಲೆ ಕಾಂಕ್ರೀಟ್ ಹಾಕುವುದನ್ನು ನಾನು ಒಪ್ಪುವುದಿಲ್ಲ. 33ರಲ್ಲಿ ಕಾಂಕ್ರೀಟ್ 3 ಇಂಚು, ಗ್ರಾನೈಟು ಮತ್ತು ಗಾರೆ ಒಂದೂವರೆ, ಕೆಳಗಿನ ಮೆಟ್ಟು 4. ಉಳಿದದ್ದು ಇಪ್ಪತ್ತನಾಲ್ಕೂವರೆ. ಮನೆ ಬಳಕೆಯ 14.2 ಕೆಜಿ ಸಿಲಿಂಡರ್ ಎತ್ತರವೇ 25ರ ಹತ್ತಿರ, ಮೇಲೆ ರೆಗ್ಯುಲೇಟರ್ ತಿರುಗಿಸಲು ಕೈಗೆ ಜಾಗ ಬೇಕು. ಕಂಬಗಳೂ ಪ್ಲಾಸ್ಟರಿಂಗ್ ಸೇರಿ ಐದೂವರೆ ಇಂಚಾಗುತ್ತವೆ. ಮೂರು ಕಂಬಕ್ಕೆ ಒಂದು ಒಳ್ಳೆ ಡ್ರಾಯರ್‌ನಷ್ಟು ಅಗಲ ಹೋಯಿತು. ಪೂರ್ತಿ ಮಾಡ್ಯುಲರ್ ಚೆಂದ, ಆದರೆ ಒಳ್ಳೆ ಪ್ಲೈಗೆ ದುಡ್ಡು ಬೇಕು. ನಡುದಾರಿ ಅಂದರೆ ಕಡಪಾ ಕಲ್ಲಿನ ಹಲಗೆಗಳನ್ನು ನಿಲ್ಲಿಸಿ ಅದರ ಮೇಲೆ ಗ್ರಾನೈಟ್. ಹಲಗೆ ಒಂದು-ಒಂದೂವರೆ ಇಂಚು ದಪ್ಪ ಅಷ್ಟೇ. ನೀರಿಗೆ ಹೆದರುವುದಿಲ್ಲ, ಗೆದ್ದಲು ಬರುವುದಿಲ್ಲ. ಒಳಗೆ ಡ್ರಾಯರ್ ಕೂರಿಸಬಹುದು. ಕಲ್ಲು ನಿಲ್ಲಿಸುವಾಗ ಪ್ರತಿ ಖಾನೆಯನ್ನೂ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಸಿ. ಮೂರೂ ಒಂದೇ ಬರದಿದ್ದರೆ ಡ್ರಾಯರ್ ಜಾರುವ ಚಾನೆಲ್ ಬಿಗಿಯಾಗುತ್ತದೆ, ಡ್ರಾಯರ್ ಅರ್ಧಕ್ಕೇ ನಿಲ್ಲುತ್ತದೆ.

ಈಶಾನ್ಯ ಮೂಲೆಯಲ್ಲಿ ಎರಡೂ ಕಡೆ ಡ್ರಾಯರ್ ತಂದು ಮೂಲೆಗೆ ಅಂಟಿಸಬೇಡಿ. ಒಂದನ್ನು ಎಳೆದರೆ ಇನ್ನೊಂದರ ಹ್ಯಾಂಡಲ್ ತಾಗುತ್ತದೆ. ಎರಡೂ ಪಕ್ಕ ಎರಡೆರಡು ಇಂಚು ಪಟ್ಟಿ ಕೊಟ್ಟು ಶುರು ಮಾಡಿ. ಮೂಲೆ ಒಳಗಿನ ಜಾಗಕ್ಕೆ ಸುತ್ತುವ ತಟ್ಟೆ ಎಲ್ಲಾ ಬೇಡ, ದುಬಾರಿ. ಹಬ್ಬಕ್ಕೆ ತೆಗೆಯುವ ದೊಡ್ಡ ಪಾತ್ರೆ ಇಡಿ ಸಾಕು.

ಗದಗ_ಅಡುಗೆಮನೆ

ಫಿಟ್ಟಿಂಗ್ ಅಣ್ಣ ಹೇಳಿದ್ದೆಲ್ಲ ಸರಿ ಇದೆ. ಒಂದು ಮಾತು ಸೇರಿಸುತ್ತೇನೆ. ನಿಮ್ಮ ಮನೆಯಲ್ಲಿ ಜೋಳದ ರೊಟ್ಟಿ ಮಾಡುತ್ತೀರಾ ತಂಗಿ? ದಾವಣಗೆರೆ ಅಂದಿರಿ, ಅದಕ್ಕೆ ಕೇಳಿದೆ.

33 ಇಂಚಿನ ಕಟ್ಟೆ ಹೆಚ್ಚುವುದಕ್ಕೆ, ತೊಳೆಯುವುದಕ್ಕೆ ಒಳ್ಳೆಯದು. ರೊಟ್ಟಿ ಬಡಿಯುವುದಕ್ಕೆ ಅಲ್ಲ. ಹಿಟ್ಟು ನಾದುವಾಗ ಅಂಗೈ ಮೇಲೆ ಮೈಭಾರ ಬೀಳಬೇಕು. ಕಟ್ಟೆ ಎತ್ತರ ಇದ್ದರೆ ಭಾರ ಬೀಳುವುದಿಲ್ಲ, ಭುಜ ಮೇಲಕ್ಕೆ ಎದ್ದು ಕೆಲಸ ಎಲ್ಲಾ ರಟ್ಟೆಯಿಂದ ಆಗುತ್ತದೆ. ನಾಲ್ಕು ರೊಟ್ಟಿಗೆ ಗೊತ್ತಾಗುವುದಿಲ್ಲ. ಮನೆ ತುಂಬ ಜನ ಇದ್ದಾಗ ಕತ್ತು ಹಿಡಿಯುತ್ತದೆ. ಹೆಂಚು ಒಲೆ ಮೇಲೆ ಇರುವುದರಿಂದ ಅದು ಇನ್ನೂ ನಾಲ್ಕು ಇಂಚು ಮೇಲೆ. ನಿಮ್ಮ ಅತ್ತೆಯವರು 5 ಅಡಿ ಅಂದರೆ ಹೆಂಚಿನ ಮೇಲೆ ನೀರು ಸವರಲು ಕೈ ಎತ್ತಿ ಹಿಡಿಯಬೇಕು, ಹಬೆ ಮುಂಗೈಗೆ ಹೊಡೆಯುತ್ತದೆ.

ನಾನು ಮಾಡಿಸಿದ್ದು ಹೀಗೆ. ಯುಟಿಲಿಟಿಯಲ್ಲಿ 28 ಇಂಚಿಗೆ ಒಂದು ಕಟ್ಟೆ, ಮೂರು ಅಡಿ ಉದ್ದ, ಮೇಲೆ ಕಪ್ಪು ಗ್ರಾನೈಟ್. ಪಕ್ಕದಲ್ಲಿ ಇನ್ನೂ ತಗ್ಗಿಗೆ ಒಂದು ಬರ್ನರ್. ರೊಟ್ಟಿ ಎಲ್ಲಾ ಅಲ್ಲೇ. ಹಿಟ್ಟು ಹಾರಿದರೂ ಒಳಗೆ ಬರುವುದಿಲ್ಲ, ನೀರು ಹಾಕಿ ತೊಳೆದುಬಿಡಬಹುದು. ರೊಟ್ಟಿ ಇಲ್ಲದ ದಿನ ಗ್ರೈಂಡರ್ ಅದೇ ಕಟ್ಟೆ ಮೇಲೆ. ತಗ್ಗಿರುವುದರಿಂದ ಪಾತ್ರೆ ಬಗ್ಗಿಸಿ ಹಿಟ್ಟು ಬಳಿದುಕೊಳ್ಳುವುದೂ ಸುಲಭ. ಬರ್ನರಿಗೆ ಗ್ಯಾಸ್ ಹೇಗೆ ತಂದುಕೊಳ್ಳಬೇಕು ಅಂತ ಅಣ್ಣನನ್ನೇ ಕೇಳಿ.

ದಾವಣಗೆರೆ_ಹೊಸಮನೆ

ಅಣ್ಣಾ, ಅಕ್ಕಾ, ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ಮನೆಯವರು, ಅತ್ತೆ, ನಾನು ಸೈಟಿಗೆ ಹೋಗಿ ನೆಲದ ಮೇಲೆ ಸೀಮೆಸುಣ್ಣದಿಂದ ಹೊಸ ಪ್ಲಾನ್ ಬರೆದೆವು. ಉತ್ತರಕ್ಕೆ ತಿರುಗಿಸಿದ ಎಲ್ ಎಷ್ಟೋ ವಾಸಿ. ಅತ್ತೆ ಒಲೆ ಜಾಗದಲ್ಲಿ ನಿಂತು ನೋಡಿ, ಇದು ಸರಿ ಅಂದರು. ರೊಟ್ಟಿ ಕಟ್ಟೆ ವಿಷಯ ಹೇಳಿದ್ದಕ್ಕಂತೂ ಅವರಿಗೆ ತುಂಬಾ ಖುಷಿಯಾಯಿತು. ನಮ್ಮಲ್ಲಿ ದಿನಾ ರೊಟ್ಟಿ ಆಗುತ್ತದೆ, ಅದನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಇನ್ನು ಮೂರು ವಿಷಯ. ಸಿಲಿಂಡರ್ ಒಳಗೆ ಇಡಬೇಕಾ ಯುಟಿಲಿಟಿಯಲ್ಲಾ? ಚಿಮಣಿ ತೂತು ಎಲ್ಲಿಗೆ? ಪ್ಲಗ್ ಪಾಯಿಂಟ್ ಎಷ್ಟು ಬೇಕು ಅಂತ ಎಲೆಕ್ಟ್ರಿಷಿಯನ್ ನಾಳೆ ಕೇಳುತ್ತಾನೆ.

ಶಿವಮೊಗ್ಗ_ಕಿಚನ್_ಫಿಟ್ಟಿಂಗ್

ಗದಗದ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಅಳತೆ ಕೇಳುವಾಗ ಏನು ಅಡುಗೆ ಮಾಡುತ್ತೀರಿ ಅಂತಲೂ ಕೇಳಬೇಕು. ನಾನು ಇನ್ನು ಮುಂದೆ ಕೇಳುತ್ತೇನೆ.

ಸಿಲಿಂಡರ್ ಯುಟಿಲಿಟಿಯಲ್ಲೇ ಇರಲಿ. ನಿಮ್ಮ ಒಲೆ ದಕ್ಷಿಣದ ಗೋಡೆ ಪಕ್ಕಕ್ಕೇ ಬಂದಿದೆ, ಗೋಡೆ ಆಚೆ ಯುಟಿಲಿಟಿ. ತಾಮ್ರದ ಪೈಪು ನಾಲ್ಕೈದು ಅಡಿ ಸಾಕು. ಅದರಿಂದಲೇ ರೊಟ್ಟಿ ಬರ್ನರಿಗೂ ಒಂದು ಕವಲು ತೆಗೆಯಬಹುದು, ಎರಡಕ್ಕೂ ಬೇರೆ ಬೇರೆ ವಾಲ್ವ್ ಇರಲಿ. ಗೋಡೆ ದಾಟುವ ಕಡೆ ಈಗಲೇ ಒಂದು ಪಿವಿಸಿ ಪೈಪಿನ ತುಂಡು ಹುದುಗಿಸಿಡಿ. ಪೈಪ್ ಕೂರಿಸುವ ಕೆಲಸ ಗ್ಯಾಸ್ ಏಜೆನ್ಸಿಯವರ ಕೈಯಲ್ಲೇ ಆಗಲಿ. ಕೆಲವರು ರಬ್ಬರ್ ಟ್ಯೂಬನ್ನೇ ಗೋಡೆಯೊಳಗೆ ತೂರಿಸುತ್ತಾರೆ, ಅದು ಬೇಡವೇ ಬೇಡ. ಟ್ಯೂಬ್ ಒಂದೂವರೆ ಮೀಟರ್ ಮೀರಬಾರದು, ಉದ್ದಕ್ಕೂ ಕಣ್ಣಿಗೆ ಕಾಣಬೇಕು, ಐದು ವರ್ಷಕ್ಕೆ ಬದಲಾಯಿಸಬೇಕು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೇ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಹತ್ತಿರ ಚರಂಡಿ ಬಾಯಿ ಇರಬಾರದು. ಬಾಗಿಲು ಹಾಕಿಸುವುದಾದರೆ ಬಾಗಿಲಿನ ಕೆಳಗಡೆ ಜಾಲರಿ ಇರಬೇಕು. ಮೇಲೆ ಮಾತ್ರ ಜಾಲರಿ ಇಟ್ಟರೆ ಸಾಲದು. ಬರ್ನರ್ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು, ಅದಕ್ಕೆ ರೊಟ್ಟಿ ಬರ್ನರನ್ನು ತೀರಾ ಕೆಳಗೆ ಇಳಿಸಬೇಡಿ.

ಚಿಮಣಿ ತಳ ಒಲೆಯಿಂದ 26ರಿಂದ 30 ಇಂಚು ಮೇಲೆ ಬರುತ್ತದೆ. ನೀವು ಕೊಳ್ಳುವ ಚಿಮಣಿಯ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಹಿಡಿಯಿರಿ. ಪೈಪು 6 ಇಂಚಿನದು ಕೇಳಿ. ಲಿಂಟಲ್ (ಕಿಟಕಿ-ಬಾಗಿಲ ಮೇಲೆ ಬರುವ ಕಾಂಕ್ರೀಟ್ ಪಟ್ಟಿ) 7 ಅಡಿಗೆ ಶುರುವಾಗಿ 6 ಇಂಚು ದಪ್ಪ ಇದ್ದರೆ, ತೂತು ಅದರ ಮೇಲೆ ಬರಲಿ, ನಡು 7 ಅಡಿ 10 ಇಂಚಿನ ಹತ್ತಿರ. ಲಿಂಟಲನ್ನು ಮಾತ್ರ ಕೊರೆಯಬಾರದು. ಆ ಕಡೆ ಸಜ್ಜಾ ಹಾಕಿಸುವ ಯೋಚನೆ ಇದ್ದರೆ ಬಿಡಿ, ಪೈಪಿಗೆ ಅಡ್ಡ ಬರುತ್ತದೆ. ಪೈಪ್ ನೇರ ಹೊರಗೆ ಹೋಗಬೇಕು. ಪ್ರತಿ ಬಾಗಿಗೂ ಎಳೆತ ಕಮ್ಮಿಯಾಗುತ್ತದೆ, ಬಾಗಿನಲ್ಲಿ ಎಣ್ಣೆ ನಿಲ್ಲುತ್ತದೆ. ಹೊರಗಿನ ಬಾಯಿಗೆ ಜಾಲರಿ ಮುಚ್ಚಳ ಹಾಕಿಸಿ, ಇಲ್ಲದಿದ್ದರೆ ಪಾರಿವಾಳ ಗೂಡು ಕಟ್ಟುತ್ತದೆ. ಪಕ್ಕದ ಮನೆಯವರ ಕಿಟಕಿ ಅದೇ ನೇರಕ್ಕೆ ಇದೆಯಾ ಅಂತ ಒಮ್ಮೆ ನೋಡಿ.

ಪ್ಲಗ್ ವಿಷಯಕ್ಕೆ ಬರೋಣ. ಇಂಡಕ್ಷನ್ ಒಲೆ 2000 ವ್ಯಾಟ್ ಇರುತ್ತದೆ, 230 ವೋಲ್ಟಿಗೆ ಹತ್ತಿರ ಹತ್ತಿರ 9 ಆಂಪ್ ಎಳೆಯುತ್ತದೆ. 6 ಆಂಪ್ ಪ್ಲಗ್ಗಿಗೆ ಹಾಕಿದರೆ ಪಿನ್ ಸುಟ್ಟು ಕರಕಲಾಗುತ್ತದೆ. ಹಾಗಾಗಿ ಇಂಡಕ್ಷನ್, ಮೈಕ್ರೋವೇವ್ ಇಡುವ ಕಡೆ 16 ಆಂಪ್, 4 ಸ್ಕ್ವೇರ್ ಎಂಎಂ ವೈರ್, ಬೋರ್ಡಿನಿಂದಲೇ ಬೇರೆ ಲೈನ್. ಮುಂದೆ ಪಾತ್ರೆ ತೊಳೆಯುವ ಮೆಷಿನ್ ತರುವ ಮನಸ್ಸಿದ್ದರೆ ಸಿಂಕ್ ಪಕ್ಕ ಇನ್ನೊಂದು 16 ಆಂಪ್, ಜೊತೆಗೆ ನೀರಿನ ಪಾಯಿಂಟ್, ಹೊರಹೋಗುವ ಪೈಪ್. ಮಿಕ್ಸಿ 750 ವ್ಯಾಟ್ ಅಷ್ಟೇ, ಅದಕ್ಕೆ 6 ಆಂಪ್ ಸಾಕು. ಮಿಕ್ಸಿ ಜಾಗ ಉತ್ತರದ ಕಟ್ಟೆ ಮೇಲೆ ಇರಲಿ, ಪ್ಲಗ್ ಕಟ್ಟೆಯಿಂದ 9-10 ಇಂಚು ಮೇಲೆ. ಒಲೆ ಹಿಂದೆ ಒಂದೂ ಪ್ಲಗ್ ಬೇಡ. ಸಿಂಕಿನ ನೇರಕ್ಕೂ ಬೇಡ. ಚಿಮಣಿಯದ್ದು ಚಿಮಣಿ ಮೇಲಕ್ಕೆ, ಪಕ್ಕಕ್ಕೆ ಸರಿದು. ಆರ್‌ಓ ಹಾಕುವ ಕಡೆ ಪ್ಲಗ್ ಕೊಟ್ಟು ನೀರು ಬಿಡುವ ಪೈಪ್ ಮರೆಯುತ್ತಾರೆ. ಆರ್‌ಓ ಬಿಡುವ ನೀರನ್ನು ಯುಟಿಲಿಟಿಯ ಬಕೆಟ್ಟಿಗೆ ಬರುವ ಹಾಗೆ ಮಾಡಿಸಿದರೆ ನೆಲ ಒರೆಸಲು ಆಗುತ್ತದೆ.

ಪ್ಲೈವುಡ್ ತಗೊಳ್ಳುವಾಗ ಹಾಳೆ ಮೇಲೆ ಐಎಸ್ 710 ಅಂತ ಅಚ್ಚು ಇದೆಯಾ ನೋಡಿ, ನೀರು ತಡೆಯುವ ಮೆರೈನ್ ಪ್ಲೈ ಗುರುತು ಅದು. ಸಿಂಕ್ ಕೆಳಗಂತೂ ಅದಕ್ಕಿಂತ ಕಮ್ಮಿ ಬೇಡ, ಆಗದಿದ್ದರೆ ಆ ಖಾನೆಯನ್ನು ಬರಿ ಕಡಪಾದಲ್ಲೇ ಬಿಟ್ಟುಬಿಡಿ.

ನಾಳೆ ಎಲೆಕ್ಟ್ರಿಷಿಯನ್ ಗೋಡೆ ಕೊರೆದು ಪೈಪ್ ಹಾಕಿದ ಮೇಲೆ, ಪ್ಲಾಸ್ಟರಿಂಗ್‌ನವರು ಮುಚ್ಚುವ ಮುಂಚೆ, ಪ್ರತಿ ಗೋಡೆಗೂ ಟೇಪ್ ಹಿಡಿದು ಫೋಟೊ ತೆಗೆಯಿರಿ. ಟೇಪಿನ ಒಂದು ತುದಿ ಮೂಲೆಗೆ, ಇನ್ನೊಂದು ಫೋಟೊದಲ್ಲಿ ಆ ಲೆವೆಲ್ ಗೆರೆಯಿಂದ ನೇರ ಮೇಲಕ್ಕೆ. ಮೇಲಿನ ಬಾಕ್ಸ್ ನೇತುಹಾಕಲು ನಾವು ಬಂದು ಡ್ರಿಲ್ ಮಾಡುವ ದಿನ ಆ ಫೋಟೊಗಳು ನಿಮ್ಮ ಫೋನಿನಲ್ಲಿರಲಿ.